ಕಾಗದದ ಚಿಪ್ ಅಗ್ಗ, ಅದರ ಮೇಲಿನ ಪರೀಕ್ಷೆ ಅಗ್ಗವಲ್ಲ

ಕಾಗದದ ಚಿಪ್ ಅಂದರೆ ಹನಿ ರಕ್ತ ಹರಿದು ಪರೀಕ್ಷೆಯಾಗುವಂತೆ ಮೇಣದ ಗೆರೆಗಳಿಂದ ಕಾಲುವೆ, ಗುಂಡಿ ಮಾಡಿದ ಕಾಗದದ ತುಂಡು. ಅದರಲ್ಲಿ 'ಒಂದೇ ರೂಪಾಯಿಗೆ ರಕ್ತಪರೀಕ್ಷೆ' ಅನ್ನುವವರ ಲೆಕ್ಕದಲ್ಲಿ ಇರುವುದು ಕಾಗದ, ಮೇಣದ ಖರ್ಚು ಮಾತ್ರ. ರೋಗದ ಗುರುತನ್ನು ಹಿಡಿಯುವ ಪ್ರೋಟೀನ್ ಆದ ಆಂಟಿಬಾಡಿ, ಅದನ್ನು ಕೆಡದಂತೆ ಒಣಗಿಸುವ ಕೆಲಸ, ತೇವ ತಗಲದ ಪೊಟ್ಟಣ ಇವು ಲೆಕ್ಕಕ್ಕೇ ಬರುವುದಿಲ್ಲ. ದುಡ್ಡು, ಗಮನ ಎರಡೂ ಹೋಗಬೇಕಾದದ್ದು ಅಲ್ಲಿಗೆ.

ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ 2007ರಲ್ಲೇ ಕಾಗದದೊಳಗೆ ಕಾಲುವೆ ಮಾಡಿ ತೋರಿಸಿತು. ಪಂಪ್ ಬೇಡ, ಕಾಗದವೇ ದ್ರವವನ್ನು ಎಳೆದುಕೊಳ್ಳುತ್ತದೆ. ಚಿಪ್ ಮಾಡುವುದೂ ಸುಲಭ. ವಾಟ್‌ಮನ್ 1 ಫಿಲ್ಟರ್ ಪೇಪರ್ ಮೇಲೆ ಮೇಣದ ಗೆರೆ ಮುದ್ರಿಸಿ, 150 ಡಿಗ್ರಿಯ ಹಾಟ್‌ಪ್ಲೇಟ್ ಮೇಲೆ 2 ನಿಮಿಷ ಇಟ್ಟರಾಯಿತು. ಮೇಣ ಕರಗಿ ಕೆಳಕ್ಕಿಳಿದು ಕಾಲುವೆಯ ಗೋಡೆಯಾಗುತ್ತದೆ, ಆಗ ಪಕ್ಕಕ್ಕೂ ಹರಡುತ್ತದೆ. ಹಾಗಾಗಿ ಕಾಲುವೆಯನ್ನು ಅರ್ಧ ಮಿಲಿಮೀಟರ್‌ನಷ್ಟು ಅಗಲ ಹೆಚ್ಚಿಸಿಯೇ ಬರೆಯಬೇಕು. ಕಾವು ಸಾಲದಿದ್ದರೆ ಮೇಣ ತಳ ಮುಟ್ಟುವುದಿಲ್ಲ, ದ್ರವ ಅಡಿಯಿಂದ ಸೋರುತ್ತದೆ. ಬಣ್ಣದ ನೀರು ಒಂದು ಹನಿ ಬಿಟ್ಟು ಕಾಗದ ಮಗುಚಿ ನೋಡಿದರೆ ಗೊತ್ತಾಗುತ್ತದೆ.

ಕಷ್ಟ ಶುರುವಾಗುವುದು ಇದಾದ ಮೇಲೆ. ಒಂದೊಂದು ಗುಂಡಿಗೂ 3 ಮೈಕ್ರೊಲೀಟರ್ ಆಂಟಿಬಾಡಿ ಹಾಕಿ ಒಣಗಿಸುತ್ತೇವೆ. ರೋಗದ ಗುರುತು ಸಿಕ್ಕರೆ ಅಲ್ಲಿ ಬಣ್ಣ ಬರಬೇಕು. ಆದರೆ ಸಾದಾ ಕಾಗದ, ಪರೀಕ್ಷಾ ಪಟ್ಟಿಗಳಲ್ಲಿ ಬಳಸುವ ನೈಟ್ರೊಸೆಲ್ಯುಲೋಸ್ ಹಾಳೆಯಷ್ಟು ಗಟ್ಟಿಯಾಗಿ ಪ್ರೋಟೀನನ್ನು ಹಿಡಿದುಕೊಳ್ಳುವುದಿಲ್ಲ. ತೊಳೆದಾಗ ಒಂದಷ್ಟು ಕೊಚ್ಚಿಹೋಗಿ ಬಣ್ಣ ಮಂಕಾಗುತ್ತದೆ. ಪೆರಿಯೋಡೇಟ್ ಎಂಬ ರಾಸಾಯನಿಕದಿಂದ ಕಾಗದವನ್ನು ಮೊದಲೇ ಆಕ್ಸಿಡೈಸ್ ಮಾಡಿದರೆ ಆಂಟಿಬಾಡಿ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ. ಬಿಎಸ್‌ಎ ಎಂಬ ಪ್ರೋಟೀನ್ ಹಾಕಿ ಉಳಿದ ಖಾಲಿ ಜಾಗ ಮುಚ್ಚುವುದರಲ್ಲಿ (ಬ್ಲಾಕ್ ಮಾಡುವುದರಲ್ಲಿ) ಕಡಿಮೆಯಾದರೆ ಗುಂಡಿಯಿಡೀ ಬಣ್ಣ ತಿರುಗಿ ರೋಗವಿಲ್ಲದವರಿಗೂ ಪಾಸಿಟಿವ್ ಬರುತ್ತದೆ. ಹಾಗಂತ ಟ್ವೀನ್-20 ಎಂಬ ಸೋಪಿನಂಥ ದ್ರವವನ್ನು ಜಾಸ್ತಿ ಸುರಿಯುವಂತಿಲ್ಲ. 0.05% ಸಾಕು, ಮಿತಿ ಮೀರಿದರೆ ದ್ರವ ಮೇಣದ ಗೋಡೆಯನ್ನೇ ದಾಟಿ ಪಕ್ಕದ ಗುಂಡಿಗೆ ನುಗ್ಗುತ್ತದೆ. ತೊಳೆಯುವಾಗ ಅಡಿಯಲ್ಲಿ ಬ್ಲಾಟಿಂಗ್ ಪೇಪರ್ ಇಟ್ಟು, ಮೇಲಿಂದ 10 ಮೈಕ್ರೊಲೀಟರ್ ಬಫರನ್ನು (ತೊಳೆಯುವ ದ್ರಾವಣವನ್ನು) ನಿಧಾನವಾಗಿ ಬಿಡಬೇಕು.

ಬೆಂಗಳೂರಿನ ಅಚಿರಾ ಲ್ಯಾಬ್ಸ್ ಕಂಪನಿ ಕಾಗದದ ಬದಲು ರೇಷ್ಮೆ ಹಿಡಿಯಿತು. ಆಂಟಿಬಾಡಿಯಂಥ ರಾಸಾಯನಿಕ ಲೇಪಿಸಿದ ನೂಲನ್ನೇ ಕೈಮಗ್ಗದಲ್ಲಿ ನೇಯ್ದು ಚಿಪ್ ಮಾಡಿದ ಅವರ ಕೆಲಸ 2011ರಲ್ಲಿ ಪ್ರಕಟವಾಯಿತು. ಇಲ್ಲೇ ಸಿಗುವ ನೂಲು, ಇಲ್ಲೇ ಇರುವ ಕಸುಬು ಎರಡನ್ನೂ ಬಳಸಿಕೊಂಡ ಈ ಯೋಚನೆಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಅನ್ನುವ ಬೇಸರ ನನಗಿದೆ.

ನೂಲಾಗಲಿ ಕಾಗದವಾಗಲಿ, ತೇವದ ಕಾಟ ತಪ್ಪಿದ್ದಲ್ಲ. ಒಣಗಿಸುವಾಗ ಟ್ರೆಹಲೋಸ್ ಸಕ್ಕರೆ ಸೇರಿಸದಿದ್ದರೆ ಆಂಟಿಬಾಡಿಯ ಆಕಾರವೇ ಕೆಡಬಹುದು. ಸೇರಿಸಿದರೂ ಪೊಟ್ಟಣದೊಳಗೆ ಸಿಲಿಕಾ ಜೆಲ್ ಬೇಕು, ಬಾಯಿ ಸರಿಯಾಗಿ ಸೀಲ್ ಆಗಿರಬೇಕು. ಮಂಗಳೂರಿನ ಜುಲೈ ತಿಂಗಳಲ್ಲಿ ಬೆಳಿಗ್ಗೆಯೇ ಪೊಟ್ಟಣ ಒಡೆದಿಟ್ಟು ಮಧ್ಯಾಹ್ನ ಬಳಸಿದರೆ ಆ ಫಲಿತಾಂಶವನ್ನು ನಂಬುವಂತಿಲ್ಲ. ಹೊಸ ಚಿಪ್ ಮಾಡಿದ್ದೇವೆ ಅನ್ನುವವರು ಬೆಲೆ ಹೇಳುವ ಮೊದಲು, 40 ಡಿಗ್ರಿ ಸೆಕೆ, 75% ತೇವದಲ್ಲಿ ಆರು ತಿಂಗಳು ಇಟ್ಟ ಪೊಟ್ಟಣದ ಫಲಿತಾಂಶ ತೋರಿಸಲಿ.