ಪಾನಾ ಯಾವ ದೇಶದ್ದು ಅಂತ ಕೇಳೋ ಮೊದಲು ನಟ್ಟು ನೋಡಿ

ಕಳೆದ ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯ ಗೋಕುಲ ರೋಡಿನ ನಮ್ಮ ಅಂಗಡಿಯಲ್ಲಿ ಐದು ಜನ ಸೇರಿದ್ದೆವು. ನನ್ನದು ಮೋಟಾರ್ ರಿವೈಂಡಿಂಗ್, ಪಂಪ್ ರಿಪೇರಿ ಕೆಲಸ. ಬಂದವರಲ್ಲಿ ಒಬ್ಬರು ಬ್ಯಾಂಕಿನಲ್ಲಿದ್ದಾರೆ, ಒಬ್ಬರು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ಒಬ್ಬ ಬೈಕ್ ಮೆಕ್ಯಾನಿಕ್, ಇನ್ನೊಬ್ಬರು ಕಲಘಟಗಿಯ ಬಡಿಗ ಕಾಕಾ. ಎಲ್ಲರಿಗೂ ಒಳ್ಳೇ ಟೂಲ್ ಅಂದರೆ ಪ್ರಾಣ. ಗಿರ್ಮಿಟ್, ಮಿರ್ಚಿ ತರಿಸಿಕೊಂಡು, ಬೆಂಚಿನ ಮೇಲೆ ಹಳೇ ಪೇಪರ್ ಹಾಸಿ, ಅವರವರ ಪಾನಾ (ಸ್ಪ್ಯಾನರ್), ಪಕ್ಕಡ (ಪ್ಲೈಯರ್), ಉಳಿ ಎಲ್ಲ ಹರವಿಕೊಂಡು ಕೂತೆವು.

ಮಾತು ಶುರುವಾಗಿದ್ದು ಒಂದೇ ಪ್ರಶ್ನೆಯಿಂದ. ಜರ್ಮನಿಯದ್ದು ಮೇಲೋ, ಸ್ವಿಸ್ ಮೇಲೋ, ಸ್ವೀಡನ್ ಮೇಲೋ? ಮಧ್ಯಾಹ್ನ ಊಟದ ಹೊತ್ತಾದರೂ ಮುಗಿಯಲಿಲ್ಲ. ಮನೆಗೆ ಬಂದ ಮೇಲೂ ತಲೆಯಲ್ಲಿ ಅದೇ ಓಡುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟೂಲ್ ಜಾರಿದರೆ ಅದಕ್ಕಿಂತ ದುಬಾರಿಯಾದದ್ದು ಏನೋ ಕೆಡುತ್ತೆ ಅನ್ನೋ ಜಾಗದಲ್ಲಿ ಮಾತ್ರ ಯುರೋಪಿನ ಟೂಲಿಗೆ ಅಷ್ಟು ರೊಕ್ಕ ಕೊಡಬೇಕು. ನಟ್ಟಿನ ಮೂಲೆ, ಸ್ಕ್ರೂ ತಲೆ, ನಮ್ಮ ಕೈ. ಉಳಿದ ಕಡೆ ನಮ್ಮ ದೇಶದ ತಪಾರಿಯಾ ಕಂಪನಿಯ ಟೂಲ್ ಸಾಕು. ಸಾಕು ಅಂತ ಬೇಸರದಿಂದ ಹೇಳುತ್ತಿಲ್ಲ, ಅದು ನಿಜವಾಗಿ ಒಳ್ಳೇ ಮಾಲು.

ಯುರೋಪಿನ ಟೂಲ್ ಕಂಪನಿಗಳ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೆಟಗೇರಿ ಅಂದರೆ ಮಗ್ಗ, ಬ್ಯಾಡಗಿ ಅಂದರೆ ಮೆಣಸಿನಕಾಯಿ ಅಲ್ವಾ, ಹಾಗೇ ಜರ್ಮನಿಯಲ್ಲಿ ವುಪ್ಪರ್ಟಾಲ್, ರೆಮ್‌ಷೈಡ್ ಅಂದರೆ ಪಾನಾ, ಪಕ್ಕಡ. ಎರಡೂ ಅಕ್ಕಪಕ್ಕದ ಊರು. ಗುಡ್ಡದ ಸೀಮೆ, ತುಂಬಾ ಹಳ್ಳಗಳು. ಹಿಂದೆ ಆ ಹಳ್ಳದ ನೀರಿನಿಂದಲೇ ಚಕ್ರ ತಿರುಗಿಸಿ ಕಬ್ಬಿಣ ಬಡಿಯುತ್ತಿದ್ದರು, ಸಾಣೆ ಹಿಡಿಯುತ್ತಿದ್ದರು. ಚಾಕುವಿಗೆ ಹೆಸರಾದ ಜೋಲಿಂಗನ್ ಕೂಡ ಅಲ್ಲೇ ಹತ್ತಿರ. ಸ್ಟಾಲ್‌ವಿಲ್ಲೆ ಶುರುವಾಗಿದ್ದು 1862ರಲ್ಲಿ, ಹಾಜೆಟ್ 1868ರಲ್ಲಿ, ಕ್ನಿಪೆಕ್ಸ್ 1882ರಲ್ಲಿ, ಗೆಡೋರ್ 1919ರಲ್ಲಿ, ವೆರಾ 1936ರಲ್ಲಿ. ಎಲ್ಲವೂ ಆ ಎರಡು ಊರಿನವೇ. ಹೆಸರುಗಳಲ್ಲಿ ಮನೆಯವರ ಹೆಸರೇ ಅಡಗಿದೆ. ಗೆಡೋರ್ ಅಂದರೆ ರೆಮ್‌ಷೈಡಿನ ದೋವಿದಾತ್ ಅಣ್ಣತಮ್ಮಂದಿರು. ಬ್ಲ್ಯಾಕ್ ಫಾರೆಸ್ಟ್ ಕಡೆಯ ವಿಹಾ ಅಂದರೆ ವಿಲ್ಲಿ ಹಾನ್, 1939ರಲ್ಲಿ ಶುರು ಮಾಡಿದವರು.

ಸ್ವಿಸ್ ಅಂದರೆ ಪಿಬಿ. ಎಮೆಂಟಾಲ್ ಅಂತ ಚೀಸ್‌ಗೆ ಹೆಸರಾದ ಸೀಮೆ ಇದೆಯಲ್ಲ, ಅಲ್ಲಿನ ವಾಸನ್ ಅನ್ನೋ ಹಳ್ಳಿಯಲ್ಲಿ 1878ರಲ್ಲಿ ಶುರುವಾದ ಕಮ್ಮಾರಸಾಲೆ. ಈಗ ಅವರ ಸ್ಕ್ರೂಡ್ರೈವರ್ ಮೇಲೆ ಒಂದೊಂದಕ್ಕೂ ಬೇರೆ ಬೇರೆ ನಂಬರ್ ಕೊರೆದಿರುತ್ತೆ. ನಮ್ಮ ಬ್ಯಾಂಕ್ ಗೆಳೆಯರಿಗೆ ಆ ನಂಬರ್ ಅಂದರೆ ತುಂಬಾ ಪ್ರೀತಿ. ಕೆಂಪು ಪಾರದರ್ಶಕ ಹಿಡಿಕೆಯನ್ನು ಬಿಸಿಲಿಗೆ ಹಿಡಿದು ತೋರಿಸುತ್ತಾರೆ. ನಿಜಕ್ಕೂ ಚೆಂದ ಕಾಣುತ್ತೆ.

ಆದರೆ ಚರ್ಚೆಯಲ್ಲಿ ನಮ್ಮವರು ಮತ್ತೆ ಮತ್ತೆ ಎಡವಿದ್ದು ಟೂಲ್ ಮೇಲೆ ಒತ್ತಿರೋ ದೇಶದ ಮುದ್ರೆಯ ವಿಷಯದಲ್ಲಿ. ಜರ್ಮನಿ ಅಂತ ಒತ್ತಿದ್ದರೆ ಕಣ್ಣು ಮುಚ್ಚಿ ತಗೋಬಹುದು, ಇಲ್ಲದಿದ್ದರೆ ಬೇಡ ಅಂತ. ಇದು ನನಗೆ ಒಪ್ಪಿಗೆ ಇಲ್ಲ. ವೆರಾ ಜರ್ಮನ್ ಕಂಪನಿ, ಅದರ ಎಷ್ಟೋ ಸ್ಕ್ರೂಡ್ರೈವರ್ ತಯಾರಾಗೋದು ಜೆಕ್ ದೇಶದಲ್ಲಿ. ಫ್ರಾನ್ಸಿನ ಫಾಕೋಮ್ 2006ರಿಂದ ಅಮೆರಿಕದ ಕಂಪನಿಯ ಕೈಯಲ್ಲಿದೆ. ಸ್ವೀಡನ್ನಿನ ಬಾಹ್ಕೋ ಕೂಡ 1999ರಲ್ಲೇ ಅಮೆರಿಕದ ಸ್ನ್ಯಾಪ್-ಆನ್ ಪಾಲಾಯಿತು. ಹಾಗಂತ ಮಾಲು ಕೆಟ್ಟಿದೆಯಾ? ಇಲ್ಲ. ಉಕ್ಕನ್ನು ಎಷ್ಟು ಕಾಯಿಸಿದರು, ಹೇಗೆ ಹದ ಕೊಟ್ಟರು, ಬಾಯಿ ಎಷ್ಟು ಅಳತೆಗೆ ಸರಿಯಾಗಿ ಕಡೆದರು ಅನ್ನೋದರ ಮೇಲೆ ಟೂಲ್ ನಿಂತಿರುತ್ತೆ. ಕ್ರೋಮ್ ವೆನೇಡಿಯಂ ಅನ್ನೋ ಗಟ್ಟಿ ಉಕ್ಕಿನ ಹೆಸರು ಈಗ ಸಂತೆಯಲ್ಲಿ ಸಿಗೋ ಪಾನಾ ಮೇಲೂ ಇರುತ್ತೆ.

ಬಾಹ್ಕೋ ಹೆಸರು ಬಂತಲ್ಲ, ಅದರ ಕಥೆ ನನಗೆ ತುಂಬಾ ಇಷ್ಟ. ಎನ್‌ಶೋಪಿಂಗ್ ಅನ್ನೋ ಊರಲ್ಲಿ ಯೊಹಾನ್ ಪೆಟ್ಟರ್ ಯೊಹಾನ್ಸನ್ ಅಂತ ಒಬ್ಬರು ರಿಪೇರಿ ಕೆಲಸ ಮಾಡುತ್ತಿದ್ದರು. ಆಗ ನಟ್ಟುಗಳಿಗೆ ಒಂದು ಅಳತೆ ಅಂತ ಇರಲಿಲ್ಲ. ಕೆಲಸಕ್ಕೆ ಹೋದಾಗೆಲ್ಲ ಹೊರೆಗಟ್ಟಲೆ ಪಾನಾ ಹೊತ್ತುಕೊಂಡು ಹೋಗಬೇಕು. ಅದರಿಂದ ಬೇಸತ್ತು ಬಾಯಿ ಹಿಗ್ಗಿಸೋ, ಕುಗ್ಗಿಸೋ ಪಾನಾ ಮಾಡಿದರು. ಅದೇ ನಮ್ಮ ಸ್ಕ್ರೂ ಪಾನಾ. 1892ರ ಸುಮಾರಿಗೆ ಪೇಟೆಂಟ್ ಸಿಕ್ಕಿತು. ಡೆನ್ಮಾರ್ಕಿನವರು ಅದನ್ನು ಇವತ್ತಿಗೂ ಸ್ವೀಡನ್ ಕೀಲಿ ಅಂತಲೇ ಕರೆಯುತ್ತಾರೆ.

ಈಗ ಮುಖ್ಯ ಮಾತು. ತಪಾರಿಯಾದವರು 1969ರಲ್ಲಿ ಇಲ್ಲಿ ಕೈ ಉಪಕರಣ ಮಾಡೋಕೆ ಶುರು ಮಾಡಿದ್ದು ಇದೇ ಬಾಹ್ಕೋ ಕಂಪನಿಯ ತಾಂತ್ರಿಕ ಸಹಾಯದಿಂದ. ನಾಸಿಕ್‌ನಲ್ಲಿ. ಅಂದರೆ ಹುಬ್ಬಳ್ಳಿಯ ಯಾವುದೇ ವೈರ್‌ಮನ್ ಜೇಬಿನಲ್ಲಿ ಇಣುಕೋ ಆ ಪಕ್ಕಡದ ವಿದ್ಯೆ ಬಂದದ್ದು ಸ್ವೀಡನ್ನಿನಿಂದ. ಇದನ್ನು ಹೇಳಿದಾಗ ಕಾಲೇಜಿನ ಗೆಳೆಯರು ತಮ್ಮ ತಪಾರಿಯಾ ಎತ್ತಿಕೊಂಡು ಎರಡು ಸಲ ತಿರುವಿ ನೋಡಿದರು. ತಂತಿ ಕತ್ತರಿಸೋಕೆ, ಹಿಡಿಯೋಕೆ, ತಿರುವೋಕೆ ಹದಿನೈದು ವರ್ಷದಿಂದ ನಾನು ಅದನ್ನೇ ಬಳಸುತ್ತಿದ್ದೇನೆ. ಅದರ ಹತ್ತು ಪಟ್ಟು ಕೊಟ್ಟು ಅದೇ ಕೆಲಸಕ್ಕೆ ಇನ್ನೊಂದು ತರೋದರಲ್ಲಿ ಅರ್ಥ ಇಲ್ಲ.

ಹಾಗಾದರೆ ಎಲ್ಲಿ ಕೊಡಬೇಕು? ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ.

ಐದಾರು ವರ್ಷದ ಹಿಂದೆ ನವಲಗುಂದ ಕಡೆ ಒಬ್ಬ ರೈತರ ಹೊಲದಲ್ಲಿ ಸಬ್‌ಮರ್ಸಿಬಲ್ ಪಂಪ್ ಎತ್ತಿದ್ದೆವು. ಗಡಸು ನೀರು. ಬೋಲ್ಟಿನ ಮೇಲೆಲ್ಲ ಸುಣ್ಣದ ಹಾಗೆ ಬಿಳಿ ಪೊರೆ ಕಟ್ಟಿತ್ತು. ನನ್ನ ಹತ್ತಿರ ಆಗ ಇದ್ದದ್ದು ಒಂದು ಅಗ್ಗದ ರಿಂಗ್ ಪಾನಾ, ಹೊಳೆಯೋದು ಮಾತ್ರ ಚೆನ್ನಾಗಿ ಹೊಳೆಯುತ್ತಿತ್ತು. ಕಂಪನಿ ಹೆಸರು ಇಲ್ಲಿ ಬೇಡ. ಒಳಗೆ ಹನ್ನೆರಡು ಮೂಲೆ, ಬಾಯಿ ಕೂದಲೆಳೆಯಷ್ಟು ಸಡಿಲ. ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ತಡೆದು, ಎರಡೂ ಕೈ ಹಾಕಿ ಎಳೆದೆ. ಕಟ್ ಅಂತು. ಬೋಲ್ಟ್ ಸಡಿಲಾಯಿತು ಅಂದುಕೊಂಡೆ. ಸಡಿಲಾಗಿದ್ದು ಪಾನಾ. ಬೋಲ್ಟಿನ ಮೂಲೆ ಸವೆದು ಗುಂಡಗಾಯಿತು, ನನ್ನ ಬಲಗೈ ಹೋಗಿ ಕೇಸಿಂಗ್ ಪೈಪಿನ ಅಂಚಿಗೆ ಬಡಿಯಿತು. ನಾಲ್ಕೂ ಬೆರಳಿನ ಗೆಣ್ಣು ಸುಲಿದು ರಕ್ತ. ಆಮೇಲೆ ಆ ಬೋಲ್ಟ್ ಕತ್ತರಿಸಿ, ವೆಲ್ಡಿಂಗ್ ಮಾಡಿಸಿ, ಪಂಪ್ ಮತ್ತೆ ಇಳಿಸೋಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ಮೆಣಸಿನಕಾಯಿಗೆ ನೀರಿಲ್ಲ. ಆ ರೈತರು ನನಗೆ ಒಂದು ಮಾತೂ ಅನ್ನಲಿಲ್ಲ. "ಕೈಗೆ ಅರಿಷಿಣ ಹಚ್ಕೋರಿ" ಅಂದರು. ಅದು ನನಗೆ ಇವತ್ತಿಗೂ ಮರೆತಿಲ್ಲ.

ಅದಾದ ಮೇಲೆ ಎರಡು ಪಾಠ ಕಲಿತೆ. ಒಂದು, ಬಿಗಿದು ಕೂತ ನಟ್ಟಿಗೆ ಆರು ಮೂಲೆಯ ರಿಂಗ್ ಪಾನಾ ಇಲ್ಲವೇ ಸಾಕೆಟ್ ಪಾನಾ. ಒಳ್ಳೇ ಪಾನಾಗಳಲ್ಲಿ ಒಳಗಿನ ಕಡೆತ ನೋಡಿ. ಮೂಲೆಗಳನ್ನು ಸ್ವಲ್ಪ ಒಳಗೆ ಸರಿಸಿರುತ್ತಾರೆ. ಬಲ ಬೀಳೋದು ನಟ್ಟಿನ ಚೂಪು ಮೂಲೆಗೆ ಅಲ್ಲ, ಅದರ ಪಕ್ಕದ ಸಪಾಟು ಜಾಗಕ್ಕೆ. ಇನ್ನೊಂದು, ಕ್ನಿಪೆಕ್ಸಿನವರ ಪಕ್ಕಡ-ಪಾನಾ. ಅದರ ಎರಡೂ ದವಡೆಗೆ ಹಲ್ಲೇ ಇಲ್ಲ, ನುಣುಪು. ಹಿಡಿಕೆ ಒತ್ತಿದ ಹಾಗೆ ದವಡೆಗಳು ಒಂದಕ್ಕೊಂದು ಸಮಾನಾಂತರವಾಗೇ ಕೂಡಿಕೊಳ್ಳುತ್ತವೆ. ಸ್ಕ್ರೂ ಪಾನಾದಲ್ಲಿ ಯಾವಾಗಲೂ ಒಂದಿಷ್ಟು ಸಡಿಲ ಉಳಿದೇ ಉಳಿಯುತ್ತೆ. ಇದರಲ್ಲಿ ನಮ್ಮ ಮುಷ್ಟಿಯ ಬಲವೇ ಆ ಸಡಿಲ ತೆಗೆದುಬಿಡುತ್ತೆ, ಅದೂ ಹತ್ತು ಪಟ್ಟಾಗಿ. ಕ್ರೋಮ್ ಮಾಡಿದ ನಲ್ಲಿಯ ನಟ್ಟು ಬಿಚ್ಚಿದರೂ ಗೀರು ಬೀಳಲ್ಲ. ಅದೇ ಕಂಪನಿಯ ಕೋಬ್ರಾ ಇದೆಯಲ್ಲ, ಅದು ಜಿಐ ಪೈಪಿಗೆ, ಅಂದರೆ ಸತು ಲೇಪದ ಕಬ್ಬಿಣದ ಪೈಪಿಗೆ. ಹಲ್ಲುಗಳು ತಿರುಗೋ ದಿಕ್ಕಿಗೆ ಎದುರಾಗಿ ಕೂತಿವೆ. ಪೈಪ್ ಹಿಡಿದು ಹಿಡಿಕೆ ಮೇಲೆ ಭಾರ ಬಿಟ್ಟರೆ ತಾನೇ ಕಚ್ಚಿಕೊಳ್ಳುತ್ತೆ. ನಮ್ಮ ಅಂಗಡಿಯ ಹುಡುಗ ಮೊದಲ ದಿನ ಅದನ್ನು ಒಂದೇ ಕೈಯಲ್ಲಿ ಹಿಡಿದು, "ಅಣ್ಣಾ, ಇದು ಬಿಡವಲ್ದು" ಅಂತ ಕೂಗಿದ. ಈ ಎರಡಕ್ಕೆ ಕೊಟ್ಟ ದುಡ್ಡಿನ ಬಗ್ಗೆ ನನಗೆ ಒಂದು ದಿನವೂ ಬೇಜಾರಾಗಿಲ್ಲ.

ನನ್ನ ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಯಾವ ಟೂಲ್ ಕೈಗೆ ಕೊಟ್ಟರೂ ಕಂಪನಿ ಹೆಸರು ಓದುತ್ತಿರಲಿಲ್ಲ. ಸ್ಕ್ರೂ ಪಾನಾ ಕೊಟ್ಟರೆ ಮೊದಲು ಕೆಳಗಿನ ದವಡೆ ಅಲುಗಾಡಿಸಿ ನೋಡೋರು. ಆಮೇಲೆ ಹೇಳೋರು, "ಗಟ್ಟಿ ದವಡಿ ಮ್ಯಾಲ ಭಾರ ಬೀಳಬೇಕು, ಸರಿಯೂ ದವಡಿ ಮ್ಯಾಲ ಅಲ್ಲ". ಎಷ್ಟೋ ಜನ ಇದನ್ನು ಉಲ್ಟಾ ಹಿಡಿದು ಎಳೆಯುತ್ತಾರೆ. ಸ್ವೀಡನ್ನಿಂದ ತಂದಿದ್ದರೂ ಉಲ್ಟಾ ಎಳೆದರೆ ದವಡೆ ಸಡಿಲಾಗುತ್ತೆ.

ಸ್ಕ್ರೂಡ್ರೈವರ್ ವಿಷಯಕ್ಕೆ ಬಂದರೆ ಭಾನುವಾರ ಒಂದು ಒಳ್ಳೇ ಘಟನೆ ನಡೆಯಿತು. ನಮ್ಮ ಮೆಕ್ಯಾನಿಕ್ ಒಂದು ಹಳೇ ಯಮಹಾ ಆರ್‌ಎಕ್ಸ್ 100 ಬೈಕಿನ ಕಾರ್ಬೊರೇಟರ್ ತಂದಿದ್ದ. ಬ್ಯಾಂಕ್ ಗೆಳೆಯರು ತಮ್ಮ ಸ್ವಿಸ್ ಡ್ರೈವರ್ ಕೊಟ್ಟು "ಇದರಿಂದ ಬಿಚ್ಚು" ಅಂದರು. ಆತ ಸ್ಕ್ರೂ ತಲೆಗೆ ಇಟ್ಟು, ಕೈಬಿಟ್ಟು, ಅಲುಗಾಡಿಸಿ ನೋಡಿದ. "ಸರ, ಇದು ಕುಂದ್ರವಲ್ದು" ಅಂದ. ಎಲ್ಲರಿಗೂ ಆಶ್ಚರ್ಯ. ಆತ ಹೇಳಿದ್ದು ಸರಿ. ಜಪಾನಿ ಗಾಡಿಯ ಪ್ಲಸ್ ಸ್ಕ್ರೂ ಬೇರೆ, ಯುರೋಪ್ ಅಮೆರಿಕದ ಫಿಲಿಪ್ಸ್ ಬೇರೆ. ಕಣ್ಣಿಗೆ ಎರಡೂ ಒಂದೇ ಥರ. ಆದರೆ ಫಿಲಿಪ್ಸ್ ತುದಿ ಜಪಾನಿ ಗುಂಡಿಯ ತಳದವರೆಗೆ ಪೂರ್ತಿ ಇಳಿಯಲ್ಲ, ಮೇಲೆಯೇ ನಿಲ್ಲುತ್ತೆ. ತಿರುವಿದರೆ ಎದ್ದು ಬಂದು ಸ್ಕ್ರೂ ತಲೆ ತಿನ್ನುತ್ತೆ. ಕೆಲವು ಜಪಾನಿ ಸ್ಕ್ರೂ ತಲೆ ಮೇಲೆ ಸಣ್ಣ ಚುಕ್ಕೆ ಇರುತ್ತೆ, ಗಮನಿಸಿ. ಆ ಕೆಲಸಕ್ಕೆ ಜಪಾನಿ ತುದಿಯ ಡ್ರೈವರೇ ಬೇಕು. ಜಗತ್ತಿನ ಅತ್ಯುತ್ತಮ ಸ್ವಿಸ್ ಉಕ್ಕು ಅಲ್ಲಿ ಉಪಯೋಗಕ್ಕೆ ಬರಲ್ಲ.

ಅದೇ ಸ್ವಿಸ್ ಡ್ರೈವರ್ ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನೇ ಆಫ್ ಆಗೋ ಸ್ವಿಚ್ಚುಗಳ ಬೋರ್ಡಿನ ಮುಂದೆ ತಗೊಂಡು ಬನ್ನಿ, ಚಿತ್ರವೇ ಬೇರೆ. ಎಂಸಿಬಿ ಟರ್ಮಿನಲ್ ಸ್ಕ್ರೂ ನೋಡಿದ್ದೀರಾ? ಪ್ಲಸ್ಸೂ ಇರುತ್ತೆ, ಮೈನಸ್ ಗೆರೆಯೂ ಇರುತ್ತೆ. ನಮ್ಮವರು ಸುಮ್ನೆ ಚಪ್ಪಟೆ ಡ್ರೈವರ್ ಹಾಕಿ ತಿರುವುತ್ತಾರೆ. ಪೂರ್ತಿ ಬಿಗಿಯಾಗಲ್ಲ. ಸಡಿಲ ಟರ್ಮಿನಲ್ ಬಿಸಿಯಾಗುತ್ತೆ, ವೈರ್ ಸುಡುತ್ತೆ. ನನ್ನ ಹತ್ತಿರ ಬರೋ ಸುಟ್ಟ ಸ್ಟಾರ್ಟರ್‌ಗಳಲ್ಲಿ ಎಷ್ಟೋ ಇದೇ ಕಾರಣದವು. ಇಂಥ ಸ್ಕ್ರೂಗೆ ಅಂತಲೇ ಎರಡೂ ಸೇರಿದ ತುದಿಯನ್ನು ವಿಹಾ, ವೆರಾ, ಪಿಬಿ ಮೂವರೂ ಮಾಡುತ್ತಾರೆ. ಹಿಡಿಕೆ ಮೇಲೆ 1000 ವೋಲ್ಟ್ ಗುರುತು ಇರೋದನ್ನೇ ತಗೊಳ್ಳಿ. ಆ ಗುರುತು ನಿಯಮದಂತೆ ಹಾಕಿದ್ದರೆ ಒಂದೊಂದು ಟೂಲನ್ನೂ 10,000 ವೋಲ್ಟ್‌ನಲ್ಲಿ ಪರೀಕ್ಷೆ ಮಾಡಿರುತ್ತಾರೆ. ಸುಮ್ನೆ ತೊಡಿಸಿದ ಪ್ಲಾಸ್ಟಿಕ್ ತೋಳು, ಮೇಲೆ ಸುತ್ತಿದ ಟೇಪ್, ಇವು ಜೀವ ಕಾಯಲ್ಲ. ಲೈನಿನ ಮೇಲೆ ಕೆಲಸ ಮಾಡೋ ಹುಡುಗರಿಗೆ ಈ ಒಂದು ಸೆಟ್ ಕೊಡಿಸದೆ, ಮಾಲೀಕರು ತಮ್ಮ ಕಪಾಟಿನಲ್ಲಿ ಜರ್ಮನ್ ಸಾಕೆಟ್ ಪಾನಾ ಜೋಡಿಸಿಟ್ಟರೆ ನನಗೆ ಸಿಟ್ಟೇ ಬರುತ್ತೆ.

ಹಿಡಿಕೆ ಬಗ್ಗೆ ಒಂದು ಮಾತು. ಮೆತ್ತನೆ ರಬ್ಬರಿನ ಹಿಡಿಕೆ ಏಪ್ರಿಲ್ ಬಿಸಿಲಿನಲ್ಲಿ, ಬೆವರು ಕೈಗೆ ಹಿತ. ನಮ್ಮ ಕೆಲಸದಲ್ಲಿ ಮಾತ್ರ ವಾರ್ನಿಷ್, ಥಿನ್ನರ್ ಜಾಸ್ತಿ. ನನ್ನ ಒಂದು ದುಬಾರಿ ಡ್ರೈವರಿನ ಮೆತ್ತನೆ ಹಿಡಿಕೆ ಎರಡೇ ವರ್ಷದಲ್ಲಿ ಬೆಲ್ಲದ ಹಾಗೆ ಅಂಟಂಟಾಯಿತು. ವಾರ್ನಿಷ್ ಕೆಲಸ ಇರೋರು ಗಟ್ಟಿ ಹಿಡಿಕೆಯದ್ದೇ ತಗೊಳ್ಳಿ.

ಕಲಘಟಗಿ ಕಾಕಾ ಇಷ್ಟು ಹೊತ್ತೂ ಸುಮ್ಮನಿದ್ದರು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ತೊಟ್ಟಿಲು ಮಾಡುತ್ತಾರೆ. ಕಾಲೇಜಿನ ಗೆಳೆಯರು ಸ್ವಿಸ್ ಫೈಲ್ ಕಂಪನಿಯ ಒಂದು ಗೋಲು ಉಳಿ ತರಿಸಿದ್ದರು. ಫೈಲ್ ಅಂದರೆ ಜರ್ಮನ್ ಭಾಷೆಯಲ್ಲಿ ಬಾಣ, ಇಂಗ್ಲಿಷಿನಲ್ಲಿ ಫೈಲ್ ಅನ್ನೋ ನಮ್ಮ ಕಾನಸಿಗೂ ಅದಕ್ಕೂ ಸಂಬಂಧ ಇಲ್ಲ. ಕಾಕಾ ಅದನ್ನು ತೇಗದ ತುಂಡಿನ ಮೇಲೆ ಮೊದಲು ಎಳೆ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಓಡಿಸಿದರು. ಅಡ್ಡ ಓಡಿಸಿದರೂ ಮರ ಹರಿಯಲಿಲ್ಲ, ಸುರುಳಿ ಎದ್ದು ಬಂತು. ಬೆರಳಿನಿಂದ ಗೆರೆ ಸವರಿ ನೋಡಿದರು. ಆಮೇಲೆ ತಮ್ಮ ಚೀಲದಿಂದ ಲಾರಿ ಪಾಟಾದಲ್ಲಿ (ಸ್ಪ್ರಿಂಗ್ ಪಟ್ಟಿಯಲ್ಲಿ) ಊರ ಕಮ್ಮಾರರು ಬಡಿದುಕೊಟ್ಟ ಉಳಿ ತೆಗೆದು ಪಕ್ಕದಲ್ಲೇ ಅದೇ ಗೆರೆ ಎಳೆದರು. ಎರಡಕ್ಕೂ ವ್ಯತ್ಯಾಸ ಹುಡುಕೋಕೆ ನಾವೆಲ್ಲ ಬಗ್ಗಿ ನೋಡಬೇಕಾಯಿತು.

"ತಮ್ಮಾ, ಉಕ್ಕು ಏನ್ ಭಾಳ ಬ್ಯಾರೆ ಇಲ್ಲ" ಅಂದರು. "ಆದ್ರ ಇದರ ಹಿಡಿಕಿಗೆ ಎಂಟು ಮೂಲಿ ಅದಾವು ನೋಡು, ಬೆಂಚಿನ ಮ್ಯಾಲಿಂದ ಉರುಳಿ ಬೀಳಂಗಿಲ್ಲ. ಬಿದ್ರ ಬಾಯಿ ಹೋಗ್ತದ, ಅರ್ಧ ದಿನ ಸಾಣಿ ಹಿಡೀಬೇಕು." ಮರುದಿನವೇ ತಮ್ಮ ಉಳಿಗಳ ದುಂಡು ಹಿಡಿಕೆಯನ್ನು ಎಂಟು ಮೂಲೆಗೆ ಕೆತ್ತೋಕೆ ಶುರು ಮಾಡಿದ್ದಾರೆ ಅಂತ ಫೋನ್ ಬಂತು. ಯುರೋಪಿನ ಟೂಲ್ ನೋಡಿ ಕಲಿಯೋದು ಅಂದರೆ ನನಗೆ ಇದೇ.

ನಮ್ಮ ಬ್ಯಾಂಕ್ ಗೆಳೆಯರಿಗೆ ಪ್ರೀತಿಯಿಂದ ಒಂದು ವಿನಂತಿ. ಆ ಕೆಂಪು ಡ್ರೈವರ್ ಸೆಟ್ಟನ್ನು ಡಬ್ಬಿಯಿಂದ ತೆಗೆಯಿರಿ. ಖಂಡೇನವಮಿ ದಿನ ಕುಂಕುಮ ಹಚ್ಚಿ ಮತ್ತೆ ಒಳಗಿಡೋಕೆ ಆ ವಾಸನ್ ಹಳ್ಳಿಯವರು ಅದಕ್ಕೆ ನಂಬರ್ ಹಾಕಿಲ್ಲ. ಮನೆಯ ಬೋರ್ಡ್ ನೀವೇ ಒಂದು ಸಲ ಬಿಗಿ ಮಾಡಿ, ಮೇನ್ ಆಫ್ ಮಾಡಿಕೊಂಡು. ಯಾವ ಸ್ಕ್ರೂ ಎಷ್ಟು ಸಡಿಲ ಇತ್ತು ಅಂತ ನನಗೆ ಹೇಳಿ.

ಮುಂದಿನ ಭಾನುವಾರವೂ ಹತ್ತು ಗಂಟೆಗೆ ಸೇರುತ್ತೇವೆ. ಜಪಾನಿ ತುದಿಯ ಎರಡನೇ ನಂಬರ್ ಡ್ರೈವರ್ ಹುಬ್ಬಳ್ಳಿ ಇಲ್ಲವೇ ಗದಗಿನ ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ. ಆ ಕಾರ್ಬೊರೇಟರ್ ಇನ್ನೂ ನನ್ನ ಬೆಂಚಿನ ಮೇಲೇ ಇದೆ, ನಾಲ್ಕು ಸ್ಕ್ರೂ ಬಿಚ್ಚೋದು ಬಾಕಿ.