ಉಲ್ಟಾ ಕನ್ನಡಕದ ಮೆಸೇಜ್ ಬಗ್ಗೆ ಸ್ಪಷ್ಟನೆ, ನಾನೂ ಹಾಕಿದ್ದೆ

ನಮ್ಮ ತುಮಕೂರಿನ ಗ್ರೂಪ್‌ಗಳಲ್ಲಿ ಓಡಾಡ್ತಿರೋ ಮೆಸೇಜ್ ನೋಡಿರ್ತೀರ, ಎಲ್ಲಾ ತಲೆಕೆಳಗಾಗಿ ಕಾಣೋ ಕನ್ನಡಕನ 8 ದಿನ ಹಾಕ್ಕೊಂಡ್ರೆ ಮೆದುಳು ಚಿತ್ರನ ತಿರುಗಿಸಿ ನೇರ ಮಾಡ್ಬಿಡುತ್ತೆ, ಹಂಗೇ ಕಣ್ಣಿನ ನಂಬರೂ ಹೋಗುತ್ತೆ ಅಂತ. ಹೋದ ವಾರ ನಾನೂ ಓದದೇ ಫಾರ್ವರ್ಡ್ ಮಾಡ್ದೆ, ತಪ್ಪಾಯ್ತು.

ಪ್ರಯೋಗ ನಡೆದಿದ್ದು ನಿಜ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಸ್ಟ್ರಾಟನ್ ಒಂದು ಕಣ್ಣಿಗೆ ಉಲ್ಟಾ ತೋರಿಸೋ ಲೆನ್ಸ್ ಹಾಕಿ, ಇನ್ನೊಂದನ್ನ ಮುಚ್ಕೊಂಡು 8 ದಿನ ಓಡಾಡಿ 1897ರಲ್ಲಿ ಬರೆದ್ರು. ಮೊದಮೊದ್ಲು ಕೈ ಚಾಚಿದ್ರೆ ಬೇರೆ ಕಡೆ ಹೋಗೋದು, ಆಮೇಲೆ ಓಡಾಟ ಸಲೀಸಾಯ್ತು. ಆದ್ರೆ ಕೈಕಾಲು ಹೊಂದ್ಕೊಳ್ಳೋದೇ ಬೇರೆ, ಕಾಣೋ ಚಿತ್ರ ತಿರುಗೋದೇ ಬೇರೆ! 1999ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ 4 ಜನ 6ರಿಂದ 10 ದಿನ ಇಂಥ ಕನ್ನಡಕ ಹಾಕಿದ್ರು, ಕೆಲಸ ಮಾಡೋದು ಬೇಗ ಕಲ್ತ್ರು, ನೋಟ ಮಾತ್ರ ನೇರ ಆಗ್ಲಿಲ್ಲ.

ಇನ್ನೊಂದು ಉದಾಹರಣೆ: ಎಲ್ಲಾನೂ ಪಕ್ಕಕ್ಕೆ ಸರಿಸಿ ತೋರಿಸೋ ಪ್ರಿಸಮ್ (ಬೆಳಕನ್ನ ಬಾಗಿಸೋ ಗಾಜು) ಇರೋ ಕನ್ನಡಕ ಹಾಕ್ಕೊಂಡು ಗೋಲಿ ಹೊಡೆದ್ರೆ ಮೊದ್ಲು ಗುರಿ ತಪ್ಪುತ್ತೆ, ಹೊಡೀತಾ ಹೊಡೀತಾ ಸರಿಹೋಗುತ್ತೆ, ತೆಗೆದ ತಕ್ಷಣ ಮತ್ತೆ ತಪ್ಪುತ್ತೆ, ಆದ್ರೆ ಈ ಸಲ ಎದುರು ದಿಕ್ಕಿಗೆ. (ನನಗೆ ಇದೇ ಎಲ್ಲಕ್ಕಿಂತ ಮಜಾ ಅನ್ಸಿದ್ದು.) ಬದಲಾಗೋದು ಕಣ್ಣು-ಕೈ ಲೆಕ್ಕಾಚಾರ ಅಷ್ಟೇ. ನಂಬರ್ ಬರೋದು ಕಣ್ಣುಗುಡ್ಡೆಯ ಉದ್ದ, ಕಾರ್ನಿಯಾ (ಕಣ್ಣಿನ ಮುಂದಿರೋ ಪಾರದರ್ಶಕ ಪದರ) ಆಕಾರದಿಂದ, ಅದನ್ನ ಇದು ಮುಟ್ಟೋದೂ ಇಲ್ಲ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸ್ಬೇಡಿ, ಮಕ್ಕಳ ಕನ್ನಡಕ ತೆಗೆಸ್ಬೇಡಿ. ನಾನು ಹಾಕಿದ್ದನ್ನ ಡಿಲೀಟ್ ಮಾಡಿದೀನಿ.