ರಾಜನಿಗೆ ಹುಚ್ಚು ಹಿಡಿದಿತ್ತು ಅಂದರೆ ಮುಗಿಯಿತಾ?

ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಮಾಡಿದ ‘ಐವಾನ್ ದಿ ಟೆರಿಬಲ್’ ಸಿನಿಮಾ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಸಾಲು ಕೇಳುತ್ತಿರುತ್ತೇನೆ: 16ನೇ ಶತಮಾನದ ರಷ್ಯಾದ ತ್ಸಾರ್ (ಅಂದರೆ ದೊರೆ) ಒಬ್ಬ ನಿಧಾನಕ್ಕೆ ಹುಚ್ಚನಾಗುವ ಕತೆ. ಈ ಸಾಲಿನ ಮೇಲೇ ನನ್ನ ತಕರಾರು. ಎರಡೂ ಭಾಗ ನೋಡಿ, ಆ ಮನುಷ್ಯನಿಗೆ ಎಲ್ಲಿ ತಲೆ ಕೆಟ್ಟಿದೆ ತೋರಿಸಿ. ನಾವು ಮಾತೆತ್ತಿದರೆ ‘ತುಘಲಕ್ ದರ್ಬಾರ್’ ಅಂತೀವಲ್ಲ, ಆ ಥರದ ತಿಕ್ಕಲುತನ ಇಲ್ಲಿ ಕಾಣುವುದಿಲ್ಲ. ಪ್ರತಿ ಕೊಲೆಗೂ ಅವನ ಹತ್ತಿರ ಲೆಕ್ಕ ಇದೆ. ಭಯ ಹುಟ್ಟಿಸುವುದೇ ಅದು.

ಮೊದಲ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1547ರ ಪಟ್ಟಾಭಿಷೇಕ, 1552ರಲ್ಲಿ ಕಜಾನ್ ಗೆದ್ದಿದ್ದು, ಹೆಂಡತಿ ಅನಸ್ತಾಸ್ಯಾ ಸಾವು, ಕೊನೆಗೆ ರಾಜಧಾನಿ ಬಿಟ್ಟುಹೋದ ಐವಾನ್‌ಗೆ ‘ವಾಪಸ್ ಬಾ ದೊರೆಯೇ’ ಅಂತ ಹಿಮದಲ್ಲಿ ಸಾಲುಗಟ್ಟಿ ಬರುವ ಜನ. ಈ ಸಿನಿಮಾ ಮಾಡಿಸಿದ್ದೇ ಸ್ಟಾಲಿನ್ ಸರ್ಕಾರ. ಎರಡನೇ ಮಹಾಯುದ್ಧದ ಕಾಲವಾದ್ದರಿಂದ ಶೂಟಿಂಗ್ ನಡೆದದ್ದು ದೂರದ ಕಜಾಕಸ್ತಾನದ ಅಲ್ಮಾ-ಅತಾದಲ್ಲಿ. ಮೊದಲ ಭಾಗಕ್ಕೆ ಸ್ಟಾಲಿನ್ ಪ್ರಶಸ್ತಿ ಬಂತು. ಚೆಂದ ಇದೆ, ಆದರೆ ನನಗೆ ಅಷ್ಟಕ್ಕಷ್ಟೇ.

ಎರಡನೇ ಭಾಗವೇ ಬೇರೆ. ಅದರಲ್ಲಿ ಐವಾನ್ ತನ್ನ ಹಳೆಯ ಗೆಳೆಯ ಫಿಲಿಪ್‌ನ ಹತ್ತಿರ ಬೇಡಿಕೊಳ್ಳುತ್ತಾನೆ. ನಾನು ಒಂಟಿ, ನನ್ನ ಜೊತೆ ಇರು ಅಂತ. ಫಿಲಿಪ್ ಒಂದು ಮಾತು ತಗೊಳ್ಳುತ್ತಾನೆ: ಮರಣದಂಡನೆಗೆ ಗುರಿಯಾದವರ ಪರವಾಗಿ ಕೇಳುವ ಹಕ್ಕು ತನಗೆ ಬೇಕು. ಐವಾನ್ ಒಪ್ಪುತ್ತಾನೆ. ಫಿಲಿಪ್ ಆಚೆ ಹೋಗಿದ್ದೇ ತಡ, ಬಂಟ ಮಾಲ್ಯೂತಾ ಐವಾನ್‌ನ ಹತ್ತಿರ ಬಂದು ಒಂದು ಉಪಾಯ ಹೇಳುತ್ತಾನೆ. ಫಿಲಿಪ್ ಬಾಯಿ ತೆರೆಯುವ ಮೊದಲೇ ತಲೆ ತೆಗೆದುಬಿಡೋಣ, ಪಾಪ ನನಗಿರಲಿ. ಮೊದಲ ಸರದಿ ಫಿಲಿಪ್‌ನ ನೆಂಟರದ್ದೇ! ಆಮೇಲೆ ಐವಾನ್ ಒದ್ದಾಡುತ್ತಾನೆ. ಯಾವ ಹಕ್ಕಿನಿಂದ ತೀರ್ಪು ಕೊಡುತ್ತಿದ್ದೀಯ ಅಂತ ತನ್ನನ್ನೇ ಕೇಳಿಕೊಳ್ಳುತ್ತಾನೆ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹೆಣಗಳ ಮುಂದೆ ಬಂದು ನಿಲ್ಲುತ್ತಾನೆ. ಟೋಪಿ ತೆಗೆದು ಬಗ್ಗುತ್ತಾನೆ. ಅಳಬಹುದು ಅಂದುಕೊಳ್ಳುತ್ತೇವೆ. ಅವನು ಬೆರಳು ತೋರಿಸಿ ಒಂದೇ ಮಾತು ಹೇಳುತ್ತಾನೆ: ‘ಸಾಲದು!’

ಇದನ್ನು ಹುಚ್ಚು ಅನ್ನೋಣವಾ? ಹಾಗಂದರೆ ಮಾಲ್ಯೂತಾ ಬಚಾವಾದ. ಕತ್ತಿ ಎತ್ತಿದವರು, ಸುಮ್ಮನೆ ನಿಂತು ನೋಡಿದವರು ಎಲ್ಲರೂ ಬಚಾವಾದರು. ಪಾಪ ರಾಜನಿಗೆ ತಲೆ ಸರಿಯಿರಲಿಲ್ಲ, ನಾವೇನು ಮಾಡೋಣ ಅಂತ ಕೈ ತೊಳೆದುಕೊಳ್ಳಬಹುದು. ಸಿನಿಮಾ ಯಾರಿಗೂ ಆ ಅವಕಾಶ ಕೊಡುವುದಿಲ್ಲ. ಸಿಂಹಾಸನದಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕದ ಹುಡುಗ ಐವಾನ್‌ನನ್ನು ಮುಂದಿಟ್ಟುಕೊಂಡು ಬೊಯಾರ್ ಸರದಾರರು ಜಗಳಾಡುವುದನ್ನೂ ತೋರಿಸುತ್ತದೆ. ಆ ಹುಡುಗ ಒಂದು ದಿನ ಸರದಾರ ಶೂಯಿಸ್ಕಿಯನ್ನು ನಾಯಿ ಕಾಯುವವರ ಕೈಗೆ ಒಪ್ಪಿಸುತ್ತಾನೆ. ಯಾರೂ ತಡೆಯುವುದಿಲ್ಲ. ಇದು ಕಟ್ಟುಕತೆಯಲ್ಲ. 1543ರಲ್ಲಿ ನಿಜಕ್ಕೂ ನಡೆದದ್ದು, ಐವಾನ್‌ಗೆ ಆಗ 13 ವರ್ಷ.

ಔತಣದ ದೃಶ್ಯದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಕಪ್ಪು ಬಿಳುಪಿನಲ್ಲಿ ಹೋಗುತ್ತಿದ್ದ ಸಿನಿಮಾ ಇದ್ದಕ್ಕಿದ್ದಂತೆ ಬಣ್ಣಕ್ಕೆ ತಿರುಗುತ್ತದೆ. ಕೆಂಪು, ಬಂಗಾರ, ಕುಣಿತ, ಪ್ರೊಕೊಫಿಯೆವ್ ಸಂಗೀತದ ಅಬ್ಬರ. ಪೆದ್ದು ಸೋದರಸಂಬಂಧಿ ವ್ಲಾದಿಮಿರ್ ಕುಡಿದ ಮತ್ತಿನಲ್ಲಿ, ಐವಾನ್‌ನನ್ನು ಕೊಂದು ತನ್ನನ್ನು ಪಟ್ಟಕ್ಕೇರಿಸುವ ಸಂಚು ಬಾಯಿಬಿಡುತ್ತಾನೆ. ಐವಾನ್ ಸಿಟ್ಟಾಗುವುದಿಲ್ಲ. ತಮಾಷೆಗೆ ಎಂಬಂತೆ ತನ್ನ ಕಿರೀಟ, ನಿಲುವಂಗಿ ಎಲ್ಲ ಅವನಿಗೇ ತೊಡಿಸಿ ಕತ್ತಲ ಚರ್ಚಿಗೆ ಮುಂದೆ ಕಳಿಸುತ್ತಾನೆ. ಅಲ್ಲಿ ಕಾದಿದ್ದ ಹಂತಕ ವೇಷಕ್ಕೆ ಮೋಸಹೋಗಿ ಅವನನ್ನೇ ಇರಿಯುತ್ತಾನೆ. ತಲೆ ಕೆಟ್ಟವನು ಇಷ್ಟು ಅಚ್ಚುಕಟ್ಟಾಗಿ ಯೋಚಿಸುತ್ತಾನಾ? (ಚರಿತ್ರೆಯಲ್ಲಿ ಹೀಗಾಗಲಿಲ್ಲ. 1569ರಲ್ಲಿ ವ್ಲಾದಿಮಿರ್‌ಗೆ ಬಲವಂತವಾಗಿ ವಿಷ ಕುಡಿಸಿದರು.)

ಇನ್ನು ತೆರೆಯ ಆಚೆ ನಡೆದದ್ದು. 1946ರಲ್ಲಿ ಎರಡನೇ ಭಾಗ ನಿಷೇಧವಾಯಿತು. ಐವಾನ್‌ನನ್ನು ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಥರ ದುರ್ಬಲ ಮಾಡಿದ್ದೀರಿ, ಅವನ ಖಾಸಾ ಪಡೆಯನ್ನು ಅಮೆರಿಕದ ಜನಾಂಗದ್ವೇಷಿ ಗುಂಪು ಕೂ ಕ್ಲಕ್ಸ್ ಕ್ಲಾನ್ ಥರ ತೋರಿಸಿದ್ದೀರಿ ಅಂತ ಪಕ್ಷದ ಕೇಂದ್ರ ಸಮಿತಿಯ ಆಕ್ಷೇಪ. 1947ರ ಫೆಬ್ರವರಿಯಲ್ಲಿ ಸ್ಟಾಲಿನ್ ಖುದ್ದಾಗಿ ಐಸೆನ್‌ಸ್ಟೈನ್‌ನನ್ನೂ ಐವಾನ್ ಪಾತ್ರ ಮಾಡಿದ ಚೆರ್ಕಾಸೊವ್‌ನನ್ನೂ ಕ್ರೆಮ್ಲಿನ್‌ಗೆ ಕರೆಸಿದ. ಐವಾನ್‌ನ ಗಡ್ಡದ ಬಗ್ಗೆಯೂ, ಅವನು ಹೆಂಡತಿಗೆ ಕೊಡುವ ಮುತ್ತು ತುಂಬ ಉದ್ದ ಆಯ್ತು ಅನ್ನುವುದರ ಬಗ್ಗೆಯೂ ಚರ್ಚೆ ನಡೆಯಿತಂತೆ! ನಗು ಬರುತ್ತದೆ, ಮುಂದಿನ ಮಾತು ಓದುವವರೆಗೆ. ಸ್ಟಾಲಿನ್ ಪ್ರಕಾರ ಐವಾನ್ ಮಾಡಿದ ತಪ್ಪು ಅಂದರೆ ಐದು ದೊಡ್ಡ ಮನೆತನಗಳನ್ನು ಪೂರ್ತಿ ಮುಗಿಸದೆ ಬಿಟ್ಟಿದ್ದು. ಐವಾನ್‌ಗೆ ದೇವರು ಅಡ್ಡ ಬಂದ. ಕೊಂದು ಆಮೇಲೆ ಪ್ರಾರ್ಥನೆ, ಪಶ್ಚಾತ್ತಾಪ ಅಂತ ಕಾಲ ಕಳೆದುಬಿಟ್ಟ. ಅಂದರೆ ಸಿನಿಮಾದ ಐವಾನ್ ಹೆಣಗಳ ಮುಂದೆ ಹೇಳಿದ್ದನ್ನೇ ಸ್ಟಾಲಿನ್ ಆಫೀಸಿನಲ್ಲಿ ಕೂತು ಹೇಳಿದ. ಅವನಿಗೂ ಯಾರೂ ಎದುರು ಮಾತಾಡಲಿಲ್ಲ.

ಅಷ್ಟು ಹೊತ್ತಿಗೆ ಐಸೆನ್‌ಸ್ಟೈನ್‌ಗೆ ಒಮ್ಮೆ ಹೃದಯಾಘಾತ ಆಗಿತ್ತು. 1948ರಲ್ಲಿ, ಬರೀ 50ನೇ ವಯಸ್ಸಿಗೆ ತೀರಿಕೊಂಡ. ಎರಡನೇ ಭಾಗ ಬಿಡುಗಡೆಯಾದದ್ದು 1958ರಲ್ಲಿ, ಸ್ಟಾಲಿನ್ ಸತ್ತು 5 ವರ್ಷದ ಮೇಲೆ. ಮೂರನೇ ಭಾಗಕ್ಕೆ ತೆಗೆದಿದ್ದ ರೀಲುಗಳಲ್ಲಿ ಒಂದು ತುಣುಕು ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ.

ನಟನೆ ಓವರ್ ಆಯ್ತು ಅನ್ನುವವರಿದ್ದಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಕಣ್ಣು ಹೊರಳಿಸುವುದು, ಭಂಗಿಯಲ್ಲಿ ಗಕ್ಕನೆ ನಿಲ್ಲುವುದು, ಗೋಡೆ ತುಂಬುವ ನೆರಳು, ಎಲ್ಲ ಬೇಕೆಂದೇ ಮಾಡಿದ್ದು. ನನ್ನ ಬೇಸರ ಬೇರೆ. ವ್ಲಾದಿಮಿರ್‌ನ ತಾಯಿ ಯೆಫ್ರೊಸಿನ್ಯಾಳನ್ನು ಶುರುವಿನಿಂದಲೂ ವಿಷ ಹಾಕುವ ದುಷ್ಟೆಯಾಗಿಯೇ ತೋರಿಸಿದ್ದಾರೆ. ಐವಾನ್‌ಗೆ ಬಾಲ್ಯ, ಒಂಟಿತನ, ಒದ್ದಾಟ ಎಲ್ಲ ಕೊಟ್ಟ ನಿರ್ದೇಶಕ ಅವಳಿಗೆ ಮಗನ ಹೆಣದ ಮುಂದಿನ ಆ ಕೆಲವು ನಿಮಿಷ ಬಿಟ್ಟರೆ ಏನೂ ಕೊಡಲಿಲ್ಲ. ನೋಡಿದವರು ಯಾರಾದರೂ ಇದ್ದರೆ ಹೇಳಿ, ನಿಮಗೂ ಹಾಗೆ ಅನ್ನಿಸಿತಾ?